ವೃದ್ಧಾಶ್ರಮಕ್ಕೆ ಹಣ್ಣುಹಂಪಲು ಮಾತ್ರ ಸಾಲದು, ಶುಚಿಯಾದ ಕೈಯೂ ಬೇಕು

ಮುಂಬಯಿ ಮಹಾನಗರ ಮತ್ತು ಅದರ ಉಪನಗರಗಳಲ್ಲಿ ಕನ್ನಡ ಸಂಘ-ಸಂಸ್ಥೆಗಳಿಗೆ ಕೊರತೆಯಿಲ್ಲ. ನಾಡಹಬ್ಬ, ಯಕ್ಷಗಾನ, ವಿದ್ಯಾರ್ಥಿವೇತನ ವಿತರಣೆ, ಉಚಿತ ವೈದ್ಯಕೀಯ ಶಿಬಿರಗಳ ಜತೆಗೆ ಅವುಗಳ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ವೃದ್ಧಾಶ್ರಮ ಭೇಟಿಗೂ ಒಂದು ಸ್ಥಾನವಿದೆ. ಯಾರದೋ ಹುಟ್ಟುಹಬ್ಬ, ಯಾರದೋ ಪುಣ್ಯತಿಥಿ, ಸಂಘದ ಬೆಳ್ಳಿಹಬ್ಬ, ನೆಪ ಯಾವುದಾದರೂ ಇರಲಿ, ಪದಾಧಿಕಾರಿಗಳು, ಮಹಿಳಾ ವಿಭಾಗದ ಸದಸ್ಯೆಯರು, ಯುವ ವಿಭಾಗದ ಕಾರ್ಯಕರ್ತರು ಥಾಣೆ, ನವಿ ಮುಂಬಯಿ, ವಸಾಯಿ, ಪನ್ವೇಲ್, ಕರ್ಜತ್ ಕಡೆಯ ಯಾವುದಾದರೊಂದು ಆಶ್ರಮಕ್ಕೆ ತೆರಳುತ್ತಾರೆ. ಹಣ್ಣುಹಂಪಲು, ಚಾದರ, ಗಾಲಿಕುರ್ಚಿ ವಿತರಿಸಿ, ಹಿರಿಯರೊಡನೆ ಕುಳಿತು ಭಜನೆ ಹಾಡಿ, ಊಟ ಬಡಿಸಿ ಬರುತ್ತಾರೆ. ಎರಡು ದಿನಗಳಲ್ಲಿ ಪತ್ರಿಕೆಯಲ್ಲಿ ಭಾವಚಿತ್ರ ಸಹಿತ ವರದಿ ಪ್ರಕಟವಾಗುತ್ತದೆ. ಇದು ಸ್ತುತ್ಯರ್ಹ ಸೇವೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇಂತಹ ಭೇಟಿಗಳಲ್ಲಿ ಯಾರೂ ಕೇಳದೆ ಉಳಿಯುವ ಒಂದು ಪ್ರಶ್ನೆಯಿದೆ. ಹಾಸಿಗೆ ಹಿಡಿದ ಒಬ್ಬ ಹಿರಿಯರ ಮೈ ಒರೆಸಿದ ಆಯಾ ಪಕ್ಕದ ಮಂಚದತ್ತ ಹೋಗುವ ಮುನ್ನ ಕೈ ತೊಳೆಯುತ್ತಾರೆಯೇ? ತೊಳೆಯಬೇಕೆಂದರೆ ಹತ್ತಿರದಲ್ಲಿ ನಲ್ಲಿ ಇದೆಯೇ, ನಲ್ಲಿಯ ಬಳಿ ಸಾಬೂನು ಇದೆಯೇ? ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಆಶ್ರಮವಾಸಿ ಹಿರಿಯರ ಪ್ರಾಣ ಎಷ್ಟೋ ವೇಳೆ ಈ ಒಂದು ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತದೆ.

ಹೊರನಾಡ ಹಿರಿಯರ ಇಳಿಗಾಲ

ಹತ್ತು-ಹನ್ನೆರಡರ ಹರೆಯದಲ್ಲಿ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕ್ಯಾಂಟೀನು, ಕಾರ್ಖಾನೆ, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ನೆಲೆ ಕಂಡ ತಲೆಮಾರಿಗೆ ಈಗ ಎಪ್ಪತ್ತು-ಎಂಬತ್ತು ದಾಟಿದೆ. ಸಂಘಗಳನ್ನು ಕಟ್ಟಿ ಬೆಳೆಸಿದವರೂ ಇವರೇ. ಮಕ್ಕಳು ಕೆಲವರು ಬೆಂಗಳೂರಿನಲ್ಲಿ, ಕೆಲವರು ದುಬೈ, ಅಮೆರಿಕದಲ್ಲಿ. ಮುಂಬಯಿಯಲ್ಲೇ ಇರುವವರ ಮನೆಯಲ್ಲೂ ಗಂಡ-ಹೆಂಡತಿ ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿಯಬೇಕಾದವರು. ಒಂದೂವರೆ ಕೋಣೆಯ ಮನೆಯಲ್ಲಿ ಪಾರ್ಶ್ವವಾಯು ಪೀಡಿತ ತಂದೆಯನ್ನೋ ಮರೆವಿನ ಕಾಯಿಲೆಯ ತಾಯಿಯನ್ನೋ ಇಡೀ ದಿನ ನೋಡಿಕೊಳ್ಳುವುದು ಸುಲಭವಲ್ಲ. ಹಾಗಾಗಿ ವೃದ್ಧಾಶ್ರಮ, ದೀರ್ಘಕಾಲದ ಶುಶ್ರೂಷಾ ಕೇಂದ್ರ, ಇಲ್ಲವೇ ಬ್ಯೂರೋದಿಂದ ಬರುವ ಹನ್ನೆರಡು ಗಂಟೆ ಪಾಳಿಯ ಆಯಾ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವುದು ಅನಿವಾರ್ಯವಾಗಿದೆ. ಇದನ್ನು ಮಕ್ಕಳ ಕೃತಘ್ನತೆ ಎಂದು ವೇದಿಕೆಯ ಮೇಲೆ ಹಳಿಯುವುದರಿಂದ ಯಾವ ಹಿರಿಯರಿಗೂ ಪ್ರಯೋಜನವಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಆ ಬಳಿಕ ಅದು ಏರುತ್ತಲೇ ಇದೆ. ಹಿಂದೆ ಆಶ್ರಮವೆಂದರೆ ನಡೆದಾಡುವ ಹಿರಿಯರಿಗೆ ಊಟ-ವಸತಿ ಎಂದಷ್ಟೇ ಅರ್ಥವಿತ್ತು. ಈಗ ಆಸ್ಪತ್ರೆಯಿಂದ ನೇರವಾಗಿ ಬರುವವರು ಹಲವರು. ಮೂತ್ರಕ್ಕೆ ನಳಿಕೆ ಹಾಕಿದವರು, ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರು, ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಆದವರು ಇವರಲ್ಲಿ ಇರುತ್ತಾರೆ. ಹೆಸರು ಆಶ್ರಮವಾದರೂ ಅಲ್ಲಿ ನಡೆಯುವ ಕೆಲಸ ಅರ್ಧ ಆಸ್ಪತ್ರೆಯದ್ದು. ಶುಚಿತ್ವದ ಏರ್ಪಾಡು ಮಾತ್ರ ಇನ್ನೂ ಮನೆಯ ಮಟ್ಟದ್ದೇ. ಅಪಾಯ ಹುಟ್ಟುವುದು ಈ ಅಂತರದಲ್ಲಿ.

ಔಷಧಕ್ಕೆ ಬಗ್ಗದ ರೋಗಾಣು

ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದುದು 1928ರಲ್ಲಿ. 1945ರಲ್ಲಿ ನೊಬೆಲ್ ಪುರಸ್ಕಾರ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲೇ ಅವರು, ಈ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಬೇಕಾಬಿಟ್ಟಿ ಬಳಸಿದರೆ ರೋಗಾಣುಗಳು ಅದನ್ನು ತಡೆದುಕೊಳ್ಳುವುದನ್ನು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ನಿಜವಾಗಿದೆ. ಆಂಟಿಬಯೋಟಿಕ್ ಬಿದ್ದಾಗ ದುರ್ಬಲ ರೋಗಾಣುಗಳು ಸಾಯುತ್ತವೆ. ತಡೆದುಕೊಳ್ಳಬಲ್ಲ ಕೆಲವು ಉಳಿದು, ಖಾಲಿಯಾದ ಜಾಗದಲ್ಲಿ ಸಂತಾನ ಬೆಳೆಸುತ್ತವೆ. ಅಷ್ಟೇ ಅಲ್ಲ, ಔಷಧವನ್ನು ತಡೆಯುವ ಗುಣವನ್ನು ಒಂದು ಜಾತಿಯ ರೋಗಾಣು ಮತ್ತೊಂದು ಜಾತಿಗೆ ದಾಟಿಸಬಲ್ಲದು. ಹೀಗೆ ಔಷಧದ ಪ್ರತಿ ಬಳಕೆಯೂ ಉಳಿತಾಯ ಖಾತೆಯಿಂದ ಹಣ ತೆಗೆದಂತೆ. ಅಗತ್ಯಕ್ಕೆ ತೆಗೆಯಬೇಕು, ಬೇಡದ್ದಕ್ಕೆ ತೆಗೆದರೆ ಕಷ್ಟಕಾಲದಲ್ಲಿ ಖಾತೆ ಬರಿದಾಗಿರುತ್ತದೆ.

2019ರಲ್ಲಿ ವಿಶ್ವಾದ್ಯಂತ 12.7 ಲಕ್ಷ ಮಂದಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಸತ್ತರೆಂದೂ, 49.5 ಲಕ್ಷ ಸಾವುಗಳಲ್ಲಿ ಅದರ ಪಾಲಿತ್ತೆಂದೂ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸಿತು. ಅದೇ ಪತ್ರಿಕೆಯಲ್ಲಿ 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಹಿರಿಯರ ಮಟ್ಟಿಗೆ ಹೆಚ್ಚು ಕಳವಳಕಾರಿ. 1990ರಿಂದ 2021ರ ನಡುವೆ ಐದು ವರ್ಷದೊಳಗಿನ ಮಕ್ಕಳಲ್ಲಿ ಇಂತಹ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದವು. 70 ದಾಟಿದವರಲ್ಲಿ ಶೇ. 80ಕ್ಕಿಂತಲೂ ಹೆಚ್ಚಾದವು. ಲಸಿಕೆ, ಶುದ್ಧ ನೀರು, ನೈರ್ಮಲ್ಯಗಳು ಮಕ್ಕಳನ್ನು ಕಾಪಾಡಿದವು. ಹಿರಿಯರ ಕಡೆಗೆ ಅಂತಹ ಗಮನ ಹರಿದಿಲ್ಲ.

ಭಾರತಕ್ಕೆ ಇದು ಪರದೇಶದ ಸುದ್ದಿಯಲ್ಲ. 2010ರಲ್ಲಿ ಎನ್‌ಡಿಎಂ-1 ಎಂಬ ಹೆಸರು ಸುದ್ದಿಯಾದಾಗ, ಅದರಲ್ಲಿ ನವದೆಹಲಿಯ ಹೆಸರು ಸೇರಿಸಿದ್ದಕ್ಕೆ ದೇಶದಲ್ಲಿ ಆಕ್ಷೇಪ ಎದ್ದಿತು. ಹೆಸರಿನ ಜಗಳ ಹೇಗೇ ಇರಲಿ, ಅತ್ಯಂತ ಪ್ರಬಲವೆನಿಸಿದ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನೂ ಕೆಲವು ರೋಗಾಣುಗಳು ನಿಷ್ಕ್ರಿಯಗೊಳಿಸಬಲ್ಲವು ಎಂಬ ಸತ್ಯ ಅಳಿಸಿಹೋಗಲಿಲ್ಲ. 2012ರಲ್ಲಿ ಚೆನ್ನೈಯಲ್ಲಿ ವೈದ್ಯಕೀಯ ಸಂಘಟನೆಗಳು ಕಲೆತು 'ಚೆನ್ನೈ ಘೋಷಣೆ'ಯನ್ನು ರೂಪಿಸಿದವು. 2014ರ ಮಾರ್ಚ್‌ನಿಂದ ಎಚ್-1 ಅನುಸೂಚಿಯ ನಿಯಮ ಜಾರಿಗೆ ಬಂದು, ಪಟ್ಟಿಯಲ್ಲಿರುವ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು ಎಂದಾಯಿತು. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಬಂತು. ಆದರೂ ಮೂಲೆಯಂಗಡಿಯ ಕೆಮಿಸ್ಟ್ ಬಳಿ ಹೋಗಿ ಜ್ವರಕ್ಕೆ 'ಸ್ಟ್ರಾಂಗ್' ಮಾತ್ರೆ ಕೇಳಿ ತರುವ ಅಭ್ಯಾಸ ಇನ್ನೂ ಹೋಗಿಲ್ಲ.

ಆಶ್ರಮದಲ್ಲೇ ಏಕೆ ಹೆಚ್ಚು?

ಆಸ್ಪತ್ರೆಯ ರೋಗಿ ವಾರ, ಹದಿನೈದು ದಿನಗಳಲ್ಲಿ ಮನೆಗೆ ಹೋಗುತ್ತಾನೆ. ಆಶ್ರಮವಾಸಿ ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ನಡುನಡುವೆ ಆಸ್ಪತ್ರೆಗೆ ಸೇರಿ ಮರಳುತ್ತಾರೆ. ಬರುವಾಗ ಆಸ್ಪತ್ರೆಯ ರೋಗಾಣು ಜತೆಗೆ ಬರಬಹುದು. ಅದು ಚರ್ಮದ ಮೇಲೆ, ಮೂಗಿನಲ್ಲಿ, ಕರುಳಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದುಬಿಡಬಲ್ಲದು. ಆಗ ರೋಗಲಕ್ಷಣವೇನೂ ಕಾಣದು. ನಳಿಕೆಯ ಮೂಲಕವೋ ಹುಣ್ಣಿನ ಮೂಲಕವೋ ಒಳಹೊಕ್ಕಾಗ ಮಾತ್ರ ಅದು ಸೋಂಕಾಗಿ ಎರಗುತ್ತದೆ.

ಒಂದು ಮಂಚದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವ ಮುಖ್ಯ ವಾಹನ ಮನುಷ್ಯರ ಕೈ. ಒಬ್ಬ ಆಯಾ ಎಂಟು ಮಂದಿ ಹಿರಿಯರನ್ನು ನೋಡಿಕೊಳ್ಳುತ್ತಾರೆ ಎಂದಿಟ್ಟುಕೊಂಡರೆ, ಬೆಳಗಿನ ಎರಡು ಗಂಟೆಗಳಲ್ಲಿ ಡಯಾಪರ್ ಬದಲಿಸುವುದು, ಮೈ ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಚಹಾ ಕುಡಿಸುವುದು ಎಲ್ಲವೂ ಅವೇ ಎರಡು ಕೈಗಳಿಂದ ಆಗಬೇಕು. ಜತೆಗೆ ಒಂದೇ ಬಕೆಟ್ಟು, ಒಂದೇ ಬಟ್ಟೆ. ಹೊಟೇಲ್ ಉದ್ಯಮದಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತು ಟೇಬಲ್ಲುಗಳನ್ನು ಒಂದೇ ಒದ್ದೆ ಬಟ್ಟೆಯಿಂದ ಒರೆಸಿದರೆ ಟೇಬಲ್ಲುಗಳು ಹೊಳೆಯುತ್ತವೆ, ಮೊದಲನೆಯದರ ಕೊಳೆ ಹತ್ತನೆಯದಕ್ಕೂ ಹಂಚಿಹೋಗಿರುತ್ತದೆ. ಮಂಚಗಳ ಕಥೆಯೂ ಅಷ್ಟೇ.

ಕೈಗವಸು ಹಾಕಿಕೊಂಡರೆ ಸಾಕೆಂಬ ತಪ್ಪು ತಿಳಿವಳಿಕೆಯೂ ಇದೆ. ಒಂದೇ ಜೋಡಿ ಕೈಗವಸಿನಲ್ಲಿ ಎಂಟು ಮಂದಿಯನ್ನು ಮುಟ್ಟಿದರೆ ರಕ್ಷಣೆ ಸಿಗುವುದು ಆಯಾಳ ಚರ್ಮಕ್ಕೆ ಮಾತ್ರ, ಹಿರಿಯರಿಗಲ್ಲ. ಒಬ್ಬರ ಕೆಲಸ ಮುಗಿದೊಡನೆ ಕೈಗವಸು ತೆಗೆಯಬೇಕು, ತೆಗೆದ ಮೇಲೂ ಕೈ ತೊಳೆಯಬೇಕು.

ತಡೆಯುವ ದಾರಿ ತಿಳಿದದ್ದೇ

ಈ ವಿಷಯದಲ್ಲಿ ವಿಜ್ಞಾನ ಕೈಚೆಲ್ಲಿ ಕುಳಿತಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದಾಗ ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಅಂದು ಅವರ ಮಾತನ್ನು ಹಿರಿಯ ವೈದ್ಯರು ಒಪ್ಪಲಿಲ್ಲ. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಆಲ್ಕೋಹಾಲ್ ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಸಾಬೂನು-ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಭೇದಿಯಾಗುತ್ತಿರುವವರನ್ನು ಮುಟ್ಟಿದಾಗ ಮಾತ್ರ ಸಾಬೂನು-ನೀರೇ ಆಗಬೇಕು, ಏಕೆಂದರೆ ಭೇದಿ ತರುವ ಒಂದು ಬಗೆಯ ರೋಗಾಣುವಿನ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ.

ಎರಡನೆಯದು ಮೂತ್ರದ ನಳಿಕೆ. ಡಯಾಪರ್ ಬದಲಿಸುವ ಕೆಲಸ ತಪ್ಪುತ್ತದೆಂದು ನಳಿಕೆಯನ್ನು ತಿಂಗಳುಗಟ್ಟಲೆ ಬಿಡುವುದು ಸೋಂಕಿಗೆ ಬಾಗಿಲು ತೆರೆದಿಟ್ಟಂತೆ. ಅಗತ್ಯವಿದೆಯೇ ಎಂದು ವೈದ್ಯರನ್ನು ಆಗಾಗ ಕೇಳಿ, ಬೇಡವಾದ ದಿನವೇ ತೆಗೆಸಬೇಕು. ಇರಲೇಬೇಕಾದಲ್ಲಿ ಚೀಲ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ಆದರೆ ನೆಲಕ್ಕೆ ತಾಗಬಾರದು. ಗಾಲಿಕುರ್ಚಿಯಲ್ಲಿ ಕೂರಿಸುವಾಗ ಚೀಲವನ್ನು ಮಡಿಲಲ್ಲಿ ಇಡುವುದು ಅನೇಕ ಕಡೆ ಕಾಣುವ ತಪ್ಪು. ಹಾಗೆ ಇಟ್ಟರೆ ಚೀಲದ ಮೂತ್ರ ಹಿಂದಕ್ಕೆ ಹರಿಯುತ್ತದೆ.

ಮೂರನೆಯದು ಹಾಸಿಗೆ ಹುಣ್ಣು. ಮಗ್ಗುಲು ಬದಲಾಯಿಸಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಚರ್ಮ ಒಣಗಿರುವಂತೆ ನೋಡಿಕೊಳ್ಳಬೇಕು. ಹುಣ್ಣೇ ಆಗದಿದ್ದರೆ ಅದಕ್ಕೆ ಸೋಂಕಾಗುವ ಪ್ರಶ್ನೆಯೂ ಇಲ್ಲ.

ನಾಲ್ಕನೆಯದು ಬಾಯಿಯ ಶುಚಿ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಪಾನಿನ 11 ವೃದ್ಧರ ಶುಶ್ರೂಷಾಲಯಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟವಾದ ಬಳಿಕ ಹಲ್ಲುಜ್ಜಿಸಿ ಬಾಯಿ ಶುಚಿಗೊಳಿಸಿದವರ ಪೈಕಿ ಶೇ. 11 ಮಂದಿಗೆ ನ್ಯುಮೋನಿಯಾ ಬಂತು. ಹಾಗೆ ಮಾಡದವರ ಪೈಕಿ ಶೇ. 19 ಮಂದಿಗೆ ಬಂತು. ಒಂದು ಹಲ್ಲುಜ್ಜುವ ಬ್ರಷ್ಷು, ಐದು ನಿಮಿಷದ ತಾಳ್ಮೆ ಇಷ್ಟು ಕೆಲಸ ಮಾಡಿತು. ಇದರೊಡನೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರ ಸಲಹೆಯಂತೆ ನ್ಯುಮೋಕಾಕಲ್ ಲಸಿಕೆ ಸೇರಿದರೆ ಕಾಯಿಲೆ ಕಡಿಮೆಯಾಗುತ್ತದೆ, ಆಂಟಿಬಯೋಟಿಕ್ ಕೊಡುವ ಸಂದರ್ಭವೂ ಕಡಿಮೆಯಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ 28 ನರ್ಸಿಂಗ್ ಹೋಮ್‌ಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಹಿರಿಯರ ಮತ್ತು ಅಶಕ್ತರ ದೀರ್ಘಕಾಲದ ಶುಶ್ರೂಷಾಲಯ. ಅರ್ಧದಷ್ಟು ಕಡೆ ಎಲ್ಲ ನಿವಾಸಿಗಳಿಗೂ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಸ್ನಾನ ಮಾಡಿಸಿ, ಮೂಗಿಗೆ ಪೊವಿಡೋನ್-ಅಯೋಡಿನ್ ಹಚ್ಚಲಾಯಿತು. ಮೊದಲು ಅಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಮೈಮೇಲೆ ಔಷಧ ನಿರೋಧಕ ರೋಗಾಣುಗಳಿದ್ದವು. ಬಳಿಕ ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಸೋಂಕಿನ ಕಾರಣ ಆಸ್ಪತ್ರೆಗೆ ಸೇರಿಸಬೇಕಾದ ಪ್ರಸಂಗಗಳೂ ಗಣನೀಯವಾಗಿ ಇಳಿದವು. ಇದನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇಲ್ಲಿ ಯಾರೂ ಅನುಕರಿಸಬಾರದು. ಆದರೆ ಸ್ನಾನದಂತಹ ನಿತ್ಯದ ಕೆಲಸವನ್ನು ಕ್ರಮಬದ್ಧವಾಗಿ ಮಾಡಿದರೆ ಎಷ್ಟು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಬೇಡದ ಔಷಧ

ಆಶ್ರಮಗಳಲ್ಲಿ ಅನಗತ್ಯವಾಗಿ ಆಂಟಿಬಯೋಟಿಕ್ ಬಳಕೆಯಾಗುವುದು ಹೆಚ್ಚಾಗಿ ಮೂತ್ರದ ವರದಿಯ ಹೆಸರಿನಲ್ಲಿ. ಅಜ್ಜಿ ಎರಡು ದಿನ ಮಂಕಾದರು, ಮೂತ್ರ ವಾಸನೆ ಬಂತು, ಪ್ರಯೋಗಾಲಯಕ್ಕೆ ಕಳುಹಿಸಿದರೆ ಬ್ಯಾಕ್ಟೀರಿಯಾ ಇದೆಯೆಂದು ವರದಿ ಬಂತು, ಫೋನಿನಲ್ಲೇ ವೈದ್ಯರು ಮಾತ್ರೆ ಹೇಳಿದರು. ಆದರೆ ಯಾವ ಲಕ್ಷಣವೂ ಇಲ್ಲದ ಹಿರಿಯರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ದೀರ್ಘಕಾಲ ನಳಿಕೆ ಇರುವವರಲ್ಲಂತೂ ಅದು ಇದ್ದೇ ಇರುತ್ತದೆ. ಉರಿ, ಜ್ವರ, ಚಳಿ, ಹೊಟ್ಟೆಯ ಕೆಳಭಾಗದ ನೋವು ಮುಂತಾದ ಲಕ್ಷಣವಿಲ್ಲದೆ ಬರೀ ವರದಿಗೆ ಔಷಧ ಕೊಡಬಾರದೆಂದು ತಜ್ಞರ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಮಂಕು ಬಡಿದದ್ದು ನೀರು ಸಾಲದೆಯೋ, ಮಲಬದ್ಧತೆಯಿಂದಲೋ, ಹೊಸ ನಿದ್ದೆ ಮಾತ್ರೆಯಿಂದಲೋ ಆಗಿರಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಅಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ಕೊಡುವ ಆಂಟಿಬಯೋಟಿಕ್‌ಗಳಲ್ಲಿ ಶೇ. 40ರಿಂದ 75ರಷ್ಟು ಅನಗತ್ಯ ಇಲ್ಲವೇ ಅನುಚಿತ. ಅಷ್ಟು ನಿಯಮಗಳಿರುವ ದೇಶದ ಪರಿಸ್ಥಿತಿಯೇ ಹೀಗೆ.

ಇಲ್ಲಿ ಹೊರನಾಡ ಕನ್ನಡಿಗರಿಗೇ ವಿಶಿಷ್ಟವಾದ ಒಂದು ತೊಡಕಿದೆ. ಮರೆವಿನ ಕಾಯಿಲೆ ಬಂದ ಹಿರಿಯರು ಐವತ್ತು ವರ್ಷ ಆಡಿದ ಹಿಂದಿ, ಮರಾಠಿಯನ್ನು ಮರೆತು ಬಾಲ್ಯದ ಕನ್ನಡಕ್ಕೋ ತುಳುವಿಗೋ ಕೊಂಕಣಿಗೋ ಮರಳುವುದುಂಟು. ನೋಡಿಕೊಳ್ಳುವ ಆಯಾ ವಿದರ್ಭದವರೋ ಉತ್ತರ ಪ್ರದೇಶದವರೋ ಆಗಿರುತ್ತಾರೆ. "ಉರಿಯುತ್ತದೆ" ಎಂದರೂ, "ಚಳಿಯಾಗುತ್ತದೆ" ಎಂದರೂ ಅವರಿಗೆ ಅರ್ಥವಾಗದು. ವೃದ್ಧಾಪ್ಯದಲ್ಲಿ ಸೋಂಕು ಬಂದಾಗ ಜ್ವರ ಏರದೆಯೂ ಇರಬಹುದು. ನಡವಳಿಕೆಯ ಬದಲಾವಣೆ, ಊಟ ಬಿಡುವುದು, ಇವೇ ಸೂಚನೆಗಳಾಗುತ್ತವೆ. ಭಾಷೆ ತಿಳಿಯದಿದ್ದರೆ ನಿಜವಾದ ಸೋಂಕು ತಡವಾಗಿ ಗೊತ್ತಾಗುತ್ತದೆ, ಇಲ್ಲದ ಸೋಂಕಿಗೆ ಔಷಧ ಬೀಳುತ್ತದೆ. ವಾರಕ್ಕೊಮ್ಮೆ ಹೋಗಿ ಅವರ ಭಾಷೆಯಲ್ಲಿ ಹತ್ತು ನಿಮಿಷ ಮಾತನಾಡಿಸುವ ಒಬ್ಬ ಸಂಘದ ಸದಸ್ಯೆ ಇಲ್ಲಿ ಮಾಡಬಹುದಾದ ಕೆಲಸವನ್ನು ಯಾವ ಪ್ರಯೋಗಾಲಯವೂ ಮಾಡಲಾರದು. ಕನ್ನಡ ಉಳಿಸುವ ಬಗ್ಗೆ ಭಾಷಣ ಮಾಡುವ ಸಂಘಗಳಿಗೆ ಇದಕ್ಕಿಂತ ಅರ್ಥಪೂರ್ಣವಾದ ಕನ್ನಡ ಸೇವೆ ಯಾವುದಿದೆ?

ಶುಚಿತ್ವ ಬೇರೆ, ಬಹಿಷ್ಕಾರ ಬೇರೆ

ಈ ವಿಷಯದ ತಿಳಿವಳಿಕೆ ಅರೆಬರೆಯಾದರೆ ಇನ್ನೊಂದು ಅನ್ಯಾಯಕ್ಕೆ ದಾರಿಯಾಗುತ್ತದೆ. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಔಷಧ ನಿರೋಧಕ ರೋಗಾಣುವಿನ ಹೆಸರು ಕಂಡೊಡನೆ "ನಮ್ಮಲ್ಲಿ ಜಾಗವಿಲ್ಲ" ಎನ್ನುವ, ಇಲ್ಲವೇ ಹಿರಿಯರನ್ನು ಮೂಲೆಯ ಕೋಣೆಗೆ ತಳ್ಳಿ ಬಾಗಿಲು ಹಾಕುವ ಆಶ್ರಮ ತನ್ನ ಕರ್ತವ್ಯದಿಂದ ತಪ್ಪಿಸಿಕೊಂಡಂತೆ. ವರದಿಯಿದ್ದ ಒಬ್ಬರನ್ನು ಹೊರಗಿಟ್ಟ ಮಾತ್ರಕ್ಕೆ, ಪರೀಕ್ಷೆಯೇ ಆಗದ ಉಳಿದವರಲ್ಲಿ ಅದು ಇಲ್ಲವೆಂದು ಅರ್ಥವಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನರ್ಸಿಂಗ್ ಹೋಮ್‌ಗಳಿಗೆ ನೀಡಿರುವ ಮಾರ್ಗಸೂಚಿಯಲ್ಲಿ, ಇಂತಹವರಿಗೆ ಸ್ನಾನ ಮಾಡಿಸುವುದು, ಡಯಾಪರ್ ಬದಲಿಸುವುದು, ನಳಿಕೆ, ಹುಣ್ಣುಗಳ ಆರೈಕೆ ಮೊದಲಾದ ನಿಕಟ ಸಂಪರ್ಕದ ಕೆಲಸಗಳಲ್ಲಿ ಸಿಬ್ಬಂದಿ ಗೌನು, ಕೈಗವಸು ಧರಿಸಬೇಕೆಂದಿದೆ; ಆದರೆ ಆ ಹಿರಿಯರನ್ನು ಕೋಣೆಯಲ್ಲಿ ಕೂಡಿಹಾಕಬೇಕಾಗಿಲ್ಲ, ಎಲ್ಲರೊಡನೆ ಊಟ, ಕಾರ್ಯಕ್ರಮಗಳಲ್ಲಿ ಸೇರಬಹುದು ಎಂದೂ ಇದೆ. ಭಜನೆಗೆ ಕುಳಿತವರಲ್ಲಿ ಅವರೂ ಇರಲಿ. ಅವರ ಕೈಯನ್ನು ಹಿಡಿದು ಮಾತನಾಡಿಸಲಿ. ಹಿಡಿಯುವ ಮುನ್ನ ಮತ್ತು ಹಿಡಿದ ಮೇಲೆ ಭೇಟಿಯವರು ಕೈ ತೊಳೆದರಾಯಿತು.

ಕಾನೂನಿನ ಕಡೆ ನೋಡಿದರೂ ದೊಡ್ಡ ಆಸರೆ ಕಾಣದು. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ಒಂದು ವೃದ್ಧಾಶ್ರಮವಾದರೂ ಆಗಬೇಕೆನ್ನುತ್ತದೆ. ಔಷಧ ನಿರೋಧಕತೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ಅಂಕಿಅಂಶ ಸಂಗ್ರಹಿಸುತ್ತಿದ್ದರೂ ಅವು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳಿಂದ ಬರುವಂತಹವು. ಆಶ್ರಮಗಳ ಮಂಚಗಳ ಲೆಕ್ಕ ಇಡುವವರಿಲ್ಲ. ಹಾಗಾಗಿ ಸರಕಾರ ಮಾಡುವವರೆಗೆ ಕಾಯುವ ಬದಲು, ದಾನ ಕೊಡುವವರೇ ವಿಚಾರಿಸತೊಡಗುವುದು ಒಳ್ಳೆಯದು.

ಸಂಘಗಳು ಏನು ಮಾಡಬಹುದು?

ಮೊದಲನೆಯದಾಗಿ, ದಾನದ ಪಟ್ಟಿ ಬದಲಾಗಲಿ. ಸೇಬು, ಬಾಳೆಹಣ್ಣುಗಳ ಜತೆಗೆ ಪ್ರತಿ ಮಂಚದ ಬಳಿ ತೂಗುಹಾಕುವ ಹ್ಯಾಂಡ್‌ರಬ್ ಬಾಟಲಿ, ಕೈಗವಸು, ಒಬ್ಬೊಬ್ಬರಿಗೂ ಪ್ರತ್ಯೇಕ ಟವೆಲು, ಬೇಸಿನ್, ಹಲ್ಲುಜ್ಜುವ ಬ್ರಷ್ಷು ಇರಲಿ. ಸಾಧ್ಯವಿದ್ದಲ್ಲಿ ಒಂದು ವಾಷಿಂಗ್ ಮೆಷಿನ್, ವಾರ್ಡಿನೊಳಗೇ ಇನ್ನೊಂದು ನಲ್ಲಿ ಕೊಡಿಸಲಿ. ನಲ್ಲಿಯ ಮೇಲೆ ದಾನಿಯ ಹೆಸರು ಬರೆಸಲು ಅಡ್ಡಿಯಿಲ್ಲ. 2020ರ ಕೊರೊನಾ ಕಾಲದಲ್ಲಿ ಬಾಗಿಲು ಬಾಗಿಲಿಗೂ ಇದ್ದ ಸ್ಯಾನಿಟೈಸರ್ ಸ್ಟ್ಯಾಂಡುಗಳು ಈಗ ಎಷ್ಟೋ ಕಡೆ ಖಾಲಿ ನಿಂತಿವೆ. ಒಮ್ಮೆ ಕೊಟ್ಟು ಮರೆಯುವ ಬದಲು ತಿಂಗಳು ತಿಂಗಳು ತುಂಬಿಸುವ ವ್ಯವಸ್ಥೆ ಬೇಕು.

ಎರಡನೆಯದಾಗಿ, ತರಬೇತಿ. ಬಹುತೇಕ ಸಂಘಗಳಲ್ಲಿ ವೈದ್ಯರು, ದಾದಿಯರು ಸದಸ್ಯರಾಗಿದ್ದಾರೆ. ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಆಯಾಗಳಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಕಲಿಸಲಿ. ಗೋಡೆಗೆ ಚಿತ್ರಪಟ ಹಾಕುವುದಿದ್ದರೆ ಅದೂ ಅವರ ಭಾಷೆಯಲ್ಲೇ ಇರಲಿ. ಆಯಾಗಳು ಆಗಾಗ ಕೆಲಸ ಬಿಟ್ಟುಹೋಗುತ್ತಾರೆ, ಕಲಿಸಿ ಏನು ಪ್ರಯೋಜನ ಎನ್ನುವವರಿದ್ದಾರೆ. ಕಲಿತವರು ಹೋದಲ್ಲೂ ಹಿರಿಯರೇ ಇರುತ್ತಾರಷ್ಟೇ. ಕಡಿಮೆ ಸಂಬಳಕ್ಕೆ ಎಂಟು ಮಂದಿಯ ಮಲಮೂತ್ರ ಬಳಿಯುವ ಹೆಣ್ಣುಮಗಳನ್ನು ಕೊಳಕೆಂದು ಬೈಯುವುದು ತರಬೇತಿಯಲ್ಲ. ಅವರ ಕೈಗೆ ಸಾಬೂನು, ಕೆಲಸಕ್ಕೆ ಇನ್ನೊಬ್ಬ ಜತೆಗಾರ್ತಿ, ವೇದಿಕೆಯಲ್ಲಿ ಒಂದು ಶಾಲು ಸಲ್ಲಬೇಕು.

ಮೂರನೆಯದಾಗಿ, ಔಷಧದ ದಾಖಲೆ. ಯಾರಿಗೆ, ಯಾವ ದಿನ, ಯಾವ ಕಾರಣಕ್ಕೆ, ಯಾವ ಆಂಟಿಬಯೋಟಿಕ್, ಎಷ್ಟು ದಿನ, ಹೇಳಿದ ವೈದ್ಯರು ಯಾರು ಎಂಬ ಆರು ಕಾಲಮ್ಮುಗಳ ಒಂದು ಪುಸ್ತಕ ಸಾಕು. ಪೈಸೆ ಪೈಸೆಗೂ ವೋಚರ್ ಕೇಳುವ ಸಂಘದ ಕೋಶಾಧಿಕಾರಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿಂಗಳಿಗೊಮ್ಮೆ ವೈದ್ಯರೊಬ್ಬರು ಆ ಪುಸ್ತಕ ನೋಡಿ ಸಹಿ ಮಾಡಿದರೆ ಅರ್ಧ ದುರ್ಬಳಕೆ ತಾನಾಗಿ ನಿಲ್ಲುತ್ತದೆ.

ನಾಲ್ಕನೆಯದಾಗಿ, ಸಂಘಗಳು ತಮ್ಮದೇ ಅಭ್ಯಾಸಗಳನ್ನು ತಿದ್ದಿಕೊಳ್ಳಲಿ. ಮನೆಗಳಲ್ಲಿ ಉಳಿದ ಮಾತ್ರೆಗಳನ್ನು ಸಂಗ್ರಹಿಸಿ ಆಶ್ರಮಕ್ಕೆ ಕೊಡುವಾಗ ಅದರಲ್ಲಿ ಅರ್ಧ ಕೋರ್ಸಿನ ಆಂಟಿಬಯೋಟಿಕ್ ಹೋಗಬಾರದು. ಉಚಿತ ಶಿಬಿರಕ್ಕೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಶೀತ-ಕೆಮ್ಮಿಗೆ ಆಂಟಿಬಯೋಟಿಕ್ ಹಂಚಬಾರದು. ಶೀತ ತರುವುದು ವೈರಸ್. ಅದಕ್ಕೆ ಆ ಮಾತ್ರೆ ನಾಟುವುದೇ ಇಲ್ಲ. ಅದರ ಬದಲು ಶಿಬಿರಗಳಲ್ಲಿ ಹಿರಿಯರಿಗೆ ಲಸಿಕೆ ಹಾಕಿಸಲಿ. ಕೆಮ್ಮು, ಜ್ವರ, ಭೇದಿ ಇರುವ ಸದಸ್ಯರು ಆ ದಿನದ ಆಶ್ರಮ ಭೇಟಿಯಿಂದ ಹಿಂದೆ ಸರಿಯಲಿ. ಭಾವಚಿತ್ರದಲ್ಲಿ ಒಂದು ಮುಖ ಕಡಿಮೆಯಾದರೆ ನಷ್ಟವೇನಿಲ್ಲ.

ತಂದೆ-ತಾಯಿಯನ್ನು ಸೇರಿಸಲು ಆಶ್ರಮ ನೋಡಹೋಗುವ ಮಕ್ಕಳೂ ತೋಟ, ದೇವರ ಕೋಣೆ, ಟಿ.ವಿ. ನೋಡಿ ಒಪ್ಪಿಕೊಳ್ಳುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ಒಂದು ಪಾಳಿಯಲ್ಲಿ ಎಷ್ಟು ಆಯಾಗಳಿದ್ದಾರೆ? ನಲ್ಲಿ ಎಲ್ಲಿದೆ? ಎಷ್ಟು ಮಂದಿಗೆ ನಳಿಕೆ ಇದೆ? ರಾತ್ರಿ ಮಗ್ಗುಲು ಬದಲಿಸುವವರು ಯಾರು? ಔಷಧ ಹೇಳುವ ವೈದ್ಯರು ಬಂದು ನೋಡುತ್ತಾರೋ ಫೋನಿನಲ್ಲೇ ಹೇಳುತ್ತಾರೋ? ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಆಡಳಿತದವರು ಉತ್ತರ ಸಿದ್ಧ ಮಾಡಿಟ್ಟಿರುತ್ತಾರೆ.

"ಇಷ್ಟು ವಯಸ್ಸಾದವರಿಗೆ ಇಷ್ಟೆಲ್ಲ ಏಕೆ" ಎಂಬ ಮಾತು ಬಾಯಿಬಿಟ್ಟು ಯಾರೂ ಹೇಳದಿದ್ದರೂ ಮನಸ್ಸಿನಲ್ಲಿ ಇರುವುದುಂಟು. ಔಷಧಕ್ಕೆ ಬಗ್ಗದ ರೋಗಾಣು ಆಶ್ರಮದ ಗೇಟಿನೊಳಗೆ ನಿಲ್ಲುವುದಿಲ್ಲ. ಅದು ಆಯಾಳ ಮನೆಗೆ, ಆಸ್ಪತ್ರೆಗೆ, ನಾಳೆ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಸೇರುವ ಕಿರಿಯರ ಮಂಚಕ್ಕೆ ಬರುತ್ತದೆ. ಈ ಭಯ ಇಲ್ಲದಿದ್ದರೂ ಹಿರಿಯರನ್ನು ಕಾಪಾಡುವುದು ಕರ್ತವ್ಯವೇ. ವೃದ್ಧಾಪ್ಯದಿಂದ ಸಾಯುವುದು ಪ್ರಕೃತಿ ನಿಯಮ; ತೊಳೆಯದ ಕೈಯಿಂದ ಸಾಯುವುದು ಹಾಗಲ್ಲ.

ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಆರಂಭವಾದಂದಿನಿಂದ ಮುಂಬಯಿ ಕನ್ನಡಿಗರ ಸಂಘಟನೆಗೆ ಒಂದು ಶತಮಾನದ ಇತಿಹಾಸವಿದೆ. ರಾತ್ರಿ ಶಾಲೆ ಬೇಕಾದ ಕಾಲದಲ್ಲಿ ಸಂಘಗಳು ರಾತ್ರಿ ಶಾಲೆ ನಡೆಸಿದವು. ಸಭಾಗೃಹ ಬೇಕಾದಾಗ ಸಭಾಗೃಹ ಕಟ್ಟಿದವು. ಆ ಶಾಲೆಗಳಲ್ಲಿ ಓದಿ, ಆ ಸಭಾಗೃಹಗಳಿಗೆ ಚಂದಾ ಎತ್ತಿದವರು ಈಗ ಮಂಚದಲ್ಲಿದ್ದಾರೆ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ವೃದ್ಧಾಶ್ರಮ ಭೇಟಿಯ ವಿಷಯ ಬಂದಾಗ, ಯಾವ ಹಣ್ಣು ಎಷ್ಟು ಡಜನ್ ಎಂದು ನಿರ್ಧರಿಸುವ ಮೊದಲು ಸದಸ್ಯರೊಬ್ಬರು ಎದ್ದುನಿಂತು ಅಲ್ಲಿನ ನಲ್ಲಿ ಮತ್ತು ಸಾಬೂನಿನ ಬಗ್ಗೆ ವಿಚಾರಿಸಲಿ. ಪದಾಧಿಕಾರಿಗಳು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿ, ವರ್ಷದೊಳಗೆ ಉತ್ತರ ತರಲಿ.